ಹಿನ್ನೀರು ಕಂದುಬಣ್ಣಕ್ಕೆ ತಿರುಗಿದಾಗ: ಸಾಗರ ವಿಜ್ಞಾನಿಗೆ ನಿಮ್ಮ ಪ್ರಶ್ನೆಗಳು

ನಿರ್ವಾಹಕ: ಆಳವಿಲ್ಲದ ಕರಾವಳಿ ನೀರಿನಲ್ಲಿ ಸಸ್ಯಪ್ಲವಕಗಳು (ತೇಲಾಡುವ, ಬೆಳಕಿನಿಂದ ಬೆಳೆಯುವ ಸೂಕ್ಷ್ಮಜೀವಿಗಳು) ಇದ್ದಕ್ಕಿದ್ದಂತೆ ಮಿತಿಮೀರಿ ಬೆಳೆಯುವುದು, ಅಂದರೆ ಬ್ಲೂಮ್, ಈ ವಾರದ ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಸಂದೇಶ ಬೇಡ.

ಶಿಕ್ಷಕಿ: ನಮಸ್ಕಾರ ಮೇಡಂ. ನೀರು ಬೆಚ್ಚಗಾದರೆ ಬ್ಲೂಮ್ ಆಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಸರಿ ತಾನೇ?

ವಿಜ್ಞಾನಿ: ನಮಸ್ಕಾರ. ಅರ್ಧ ಸರಿ. ಶಾಖ ಬೆಳವಣಿಗೆಗೆ ವೇಗ ಕೊಡುತ್ತದೆ, ಆದರೆ ಬೆಳಕು ಮತ್ತು ಪೋಷಕಾಂಶ ಇಲ್ಲದಿದ್ದರೆ ವೇಗಕ್ಕೆ ಅರ್ಥವಿಲ್ಲ. ತಳದ ತಣ್ಣೀರು ಮೇಲೇಳುವ ಕರಾವಳಿಗಳಲ್ಲಿ ನೀರು ತಂಪಾದ ಮೇಲೆಯೇ ದೊಡ್ಡ ಬ್ಲೂಮ್‌ಗಳಾಗುತ್ತವೆ. ನೈಟ್ರೇಟ್ ಹೊತ್ತು ತರುವುದು ಆ ತಣ್ಣೀರೇ.

ದೋಣಿಯವರು: ರಾತ್ರಿ ಹುಟ್ಟು ಹಾಕಿದಲ್ಲೆಲ್ಲ ನೀಲಿ ಬೆಳಕು ಏಳುತ್ತದೆ. ವಿಷವೇ?

ವಿಜ್ಞಾನಿ: ಹೆಚ್ಚಾಗಿ ನಾಕ್ಟಿಲ್ಯುಕಾ, ಕದಡಿದರೆ ಮಿನುಗುವ ಜೀವಿ. ಅದು ವಿಷ ತಯಾರಿಸುವುದಿಲ್ಲ. ದಟ್ಟವಾದರೆ ಅದರೊಳಗಿನ ಅಮೋನಿಯಾದಿಂದ ಮೀನಿಗೆ ತೊಂದರೆ.

ಪಂಜರ ಕೃಷಿಕ: ಮೇಡಂ, ಅಳಿವೆಗೆ ಹತ್ತಿರ ಮೂರು ಮೀಟರ್ ಆಳದ ಹಿನ್ನೀರಿನಲ್ಲಿ ಪಂಜರಗಳಿವೆ. ಜೋರು ಮಳೆ ನಿಂತು ಎರಡು ವಾರ. ಗಾಳಿಯಿಲ್ಲ, ಸುಡು ಬಿಸಿಲು. ನೀರು ಚಹಾದ ಬಣ್ಣಕ್ಕೆ ತಿರುಗಿದೆ. ಬಿಳಿ ತಟ್ಟೆ ಇಳಿಬಿಟ್ಟರೆ ಮೊಣಕೈ ಆಳದಲ್ಲೇ ಕಾಣೆಯಾಗುತ್ತದೆ. ಮಧ್ಯಾಹ್ನ ಆಮ್ಲಜನಕ ಲೀಟರಿಗೆ 12 ಮಿಲಿಗ್ರಾಂ ತೋರಿಸುತ್ತಿದೆ. ಚೆನ್ನಾಗಿದೆ ಅಲ್ಲವೇ? ಆದರೂ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆ.

ವಿಜ್ಞಾನಿ: ಚೆನ್ನಾಗಿಲ್ಲ. ಆ 12 ನೋಡಿಯೇ ನನಗೆ ಭಯವಾಗಿದೆ. ಹಗಲಲ್ಲಿ ಅಷ್ಟು ಆಮ್ಲಜನಕ ಬಿಡುವಷ್ಟು ಪ್ಲವಕ ಇದೆ ಎಂದರೆ ರಾತ್ರಿ ಅಷ್ಟೂ ಉಸಿರಾಡುತ್ತವೆ. ಮೀಟರನ್ನು ಸೂರ್ಯೋದಯಕ್ಕೆ ಮೊದಲು, ತಳದಲ್ಲಿ ಇಳಿಸಿ ನೋಡಿ.

ನಡೆದಿರುವುದು ಇಷ್ಟಿರಬಹುದು. ಮಳೆಯ ನೀರು ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ತಂದಿತು. ಜೊತೆಗೆ ಮಣ್ಣನ್ನೂ ತಂದದ್ದರಿಂದ ಮೊದಲ ದಿನಗಳಲ್ಲಿ ಒಳಗೆ ಬೆಳಕಿರಲಿಲ್ಲ, ಹಾಗಾಗಿ ಬೆಳವಣಿಗೆಯೂ ಇಲ್ಲ. ಮಣ್ಣು ತಳ ಸೇರಿದ ಮೇಲೆ ಬಿಸಿಲು ಒಳಗಿಳಿಯಿತು. ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಪದರವಾಗಿ ನಿಂತು, ಪ್ಲವಕಗಳನ್ನು ಬೆಳಕಿನಲ್ಲೇ ಹಿಡಿದಿಟ್ಟಿತು. ಅಷ್ಟಮಿಯ ಆಸುಪಾಸಿನ ಮಂದ ಭರತ ಇಳಿತ ನೀರನ್ನು ಹೊರಗೆ ಒಯ್ಯುವುದಿಲ್ಲ. ದಿನಕ್ಕೊಮ್ಮೆ ಇಮ್ಮಡಿಯಾಗುವ ಜೀವಿ, ಯಾರೂ ತಿನ್ನದಿದ್ದರೆ, ಏಳು ದಿನಕ್ಕೆ 128 ಪಟ್ಟು. ನೀರು ದಿನಕ್ಕೊಮ್ಮೆ ಪೂರ್ತಿ ಬದಲಾಗುತ್ತಿದ್ದರೆ ಇದು ಎಂದೂ ಗುಡ್ಡೆಯಾಗುವುದಿಲ್ಲ.

ಮೊದಲು ಮೇಲುಗೈ ಸಾಮಾನ್ಯವಾಗಿ ಗಾಜಿನಂಥ ಕವಚದ ಪ್ಲವಕಗಳಾದ ಡಯಾಟಮ್‌ಗಳದು. ಅವುಗಳ ಕವಚಕ್ಕೆ ಸಾರಜನಕದಷ್ಟೇ ಸಿಲಿಕಾನ್ ಬೇಕು. ಸಿಲಿಕೇಟ್ ಮುಗಿದು ಸಾರಜನಕ ಉಳಿದರೆ ಬಾಲದಂಥ ಎಳೆಯಿಂದ ಈಜುವ ಪ್ಲವಕಗಳಾದ ಡೈನೋಫ್ಲಾಜೆಲೇಟ್‌ಗಳ ಸರದಿ. ವಿಷಕಾರಿ ಜಾತಿಗಳು ಅಲ್ಲೇ ಹೆಚ್ಚು. ಕೆಲವು ಕೆಸರಿನಲ್ಲಿ ಗಟ್ಟಿ ಹೊದಿಕೆಯ ಸುಪ್ತ ಕೋಶವಾಗಿ ಮಲಗಿದ್ದು ಏಳುತ್ತವೆ. ತಳದಲ್ಲಿ ಆಮ್ಲಜನಕ ಮುಗಿದರೆ ಕೆಸರಿನ ಕಬ್ಬಿಣ ಹಿಡಿದಿಟ್ಟ ಫಾಸ್ಫೇಟ್ ಕೂಡ ಬಿಡುಗಡೆಯಾಗುತ್ತದೆ. ಆಗ ಬ್ಲೂಮ್‌ಗೆ ನದಿಯ ಹಂಗೇ ಇಲ್ಲ.

ಇಂದಿನಿಂದ ಮೇವು ನಿಲ್ಲಿಸಿ. ತಳದ ಕೆಸರು ಕದಡಬೇಡಿ. ಒಂದು ಬಾಟಲಿ ನೀರಿಗೆ, ಮಾದರಿ ಕೆಡದಂತೆ, ಲ್ಯುಗೋಲ್ ಅಯೋಡಿನ್ ದ್ರಾವಣ ಹನಿಸಿ, ಚಹಾದ ಬಣ್ಣ ಬರುವವರೆಗೆ, ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಿ. ಪಕ್ಕದಲ್ಲಿ ಪಚ್ಚಿಲೆ (ತಿನ್ನುವ ಚಿಪ್ಪುಜೀವಿ) ಕೀಳುವವರಿದ್ದರೆ ವಿಷದ ಪರೀಕ್ಷೆ ಆಗುವವರೆಗೆ ತಡೆಯಿರಿ.

ಹೊಸ ಸದಸ್ಯ: ನೀರು ಕೆಂಪಾದರೆ ವಿಷವೇ?

ವಿಜ್ಞಾನಿ: ಬಣ್ಣ ನೋಡಿ ಹೇಳಲಾಗದು.

ತೋಟದವರು: ಬಂದ ಸಂದೇಶ: «ಮೈಲುತುತ್ತು ಕರಗಿಸಿ ಸುರಿದರೆ ಒಂದೇ ರಾತ್ರಿಯಲ್ಲಿ ನೀರು ತಿಳಿಯಾಗುತ್ತದೆ. ಚಿಪ್ಪನ್ನು ವಿನೆಗರ್‌ನಲ್ಲಿ ಕುದಿಸಿದರೆ ವಿಷ ಹೋಗುತ್ತದೆ. ಎಲ್ಲರಿಗೂ ಕಳುಹಿಸಿ.»

ವಿಜ್ಞಾನಿ: ಯಾರಿಗೂ ಕಳುಹಿಸಬೇಡಿ. 1957ರಲ್ಲಿ ಫ್ಲೋರಿಡಾದ ಕರಾವಳಿಯಲ್ಲಿ ವಿಮಾನದಿಂದಲೇ ಮೈಲುತುತ್ತು ಸುರಿದು ನೋಡಿದ್ದಾರೆ. ಸ್ವಲ್ಪ ದಿನ ಕಡಿಮೆಯಾಯಿತು, ಮತ್ತೆ ಬಂತು. ಮೈಲುತುತ್ತಿನಲ್ಲಿರುವ ತಾಮ್ರ ಕಂಡ ಜೀವಿಯನ್ನೆಲ್ಲ ಕೊಲ್ಲುತ್ತದೆ. ಸತ್ತ ಪ್ಲವಕ ಒಡೆದು ಒಳಗಿನ ವಿಷ ನೀರಿಗೆ ಸೇರುತ್ತದೆ, ಕೊಳೆಯುವಾಗ ಉಳಿದ ಆಮ್ಲಜನಕವೂ ಹೋಗುತ್ತದೆ. ಚಿಪ್ಪಿನೊಳಗಿನ ಸ್ಯಾಕ್ಸಿಟಾಕ್ಸಿನ್ ಕುದಿಸಿದರೆ ಹೋಗುವುದಿಲ್ಲ. ಉಸಿರಾಟದ ಸ್ನಾಯು ನಿಲ್ಲಿಸುವ ವಿಷ ಅದು.

ದೋಣಿಯವರು: ತೋಟದವರು ಮದ್ದು ಹೇಳುವ ಬದಲು ಗೊಬ್ಬರ ಕಡಿಮೆ ಮಾಡಲಿ. ಹೊಳೆಗೆ ಬರುವುದೆಲ್ಲ ಅವರದೇ.

ತೋಟದವರು: ಊರಿನ ಚರಂಡಿ ನೀರು ಎಲ್ಲಿಗೆ ಹೋಗುತ್ತದೆ? ಪಂಜರದ ಮೇವು ಎಲ್ಲಿಗೆ? ನಮ್ಮ ಮೇಲೆ ಮಾತ್ರ ಏಕೆ?

ದೋಣಿಯವರು: ಮಳೆ ಬರುವ ಮೊದಲು ಯೂರಿಯಾ ಎರಚುವವರು ಯಾರು?

ಶಿಕ್ಷಕಿ: ಇದೆಲ್ಲ ಹವಾಮಾನ ಬದಲಾವಣೆ.

ತೋಟದವರು: ಅಮ್ಮ, ಎಲ್ಲಕ್ಕೂ ಅದೇ ಉತ್ತರವಾದರೆ ಮೇಡಂ ಏಕೆ ಬೇಕು?

ವಿದ್ಯಾರ್ಥಿ: ಉಪಗ್ರಹದ ಕ್ಲೋರೊಫಿಲ್ ನಕ್ಷೆ ಆಳವಿಲ್ಲದ ನೀರಿನಲ್ಲಿ ಎಷ್ಟು ನಂಬಿಕಾರ್ಹ?

ಹೊಸ ಸದಸ್ಯ: ಕೆಂಪು ನೀರಿನ ಮೀನು ತಿನ್ನಬಹುದೇ?

ವಿಜ್ಞಾನಿ: ಸತ್ತು ತೇಲಿದ್ದು ಬೇಡ. ಮೇಲಿನದನ್ನು ಓದಿ.

ಪಂಜರ ಕೃಷಿಕ: ಮೇಡಂ, ನಸುಕಿನ 5 ಗಂಟೆಗೆ ಆಮ್ಲಜನಕ ಮೇಲೆ 3.1, ತಳದಲ್ಲಿ 0.9.

ವಿಜ್ಞಾನಿ: ಬಲೆಯ ತಳ ಎತ್ತಿ ಮೇಲಿನ ನೀರಿನಲ್ಲಿ ಕಟ್ಟಿ. ವಾಯುಪೂರಣ ಯಂತ್ರ ಇದ್ದರೆ ಮೇಲ್ಪದರದಲ್ಲಿ ಮಾತ್ರ ಓಡಿಸಿ, ರಾತ್ರಿಯಿಡೀ. ಮಾರಾಟದ ಗಾತ್ರಕ್ಕೆ ಬಂದ ಮೀನನ್ನು ಪರೀಕ್ಷೆ ಮುಗಿದ ಕೂಡಲೇ ತೆಗೆಯಿರಿ; ಪಂಜರದಲ್ಲಿ ಸಂಖ್ಯೆ ಇಳಿಯಬೇಕು. ಮೋಡ ಕವಿದರೆ ಇನ್ನೂ ಅಪಾಯ, ಹಗಲಿನ ಗಳಿಕೆಯೂ ಇರುವುದಿಲ್ಲ.

ತೋಟದವರು: ಹಾಗಾದರೆ ಮೈಲುತುತ್ತು ಸ್ವಲ್ಪವೇ ಹಾಕಿದರೆ?

ವಿಜ್ಞಾನಿ: ಬೇಡ ಎಂದೆ.

ವಿದ್ಯಾರ್ಥಿ: ಉಪಗ್ರಹದ ಪ್ರಶ್ನೆ ಮತ್ತೆ ಕೇಳುತ್ತಿದ್ದೇನೆ ಮೇಡಂ.

ದೋಣಿಯವರು: ಮೊದಲು ಯೂರಿಯಾಕ್ಕೆ ಉತ್ತರ ಬರಲಿ.

ನಿರ್ವಾಹಕ: ಇಬ್ಬರೂ ಸಾಕು ಮಾಡಿ. ನಾಳೆಯವರೆಗೆ ಗುಂಪು ಮುಚ್ಚಿರುತ್ತದೆ. ಪಂಜರದವರು ಮೇಡಂಗೆ ನೇರವಾಗಿ ಬರೆಯಲಿ.