ಹಳೇ ಹಾಲ್ಸ್‌ಬರಿ ಸಂಪುಟ ನಂಬಿ ವಾದ ಮಾಡಬಹುದಾ?

ಹಾಸನದ ಜೂನಿಯರ್: ಸೈಟ್ ಖರೀದಿ ಕರಾರು ಮುರಿದ ಕೇಸು. ಮಾತು ತಪ್ಪಿದವರು 10 ಲಕ್ಷ ಕೊಡಬೇಕು ಅಂತ ಕರಾರಿನಲ್ಲಿದೆ. ನಾವು ಹಣ ಕೇಳುವ ಕಡೆಯವರು. ಸೀನಿಯರ್ ಆಫೀಸಿನಲ್ಲಿ ಇಂಗ್ಲೆಂಡಿನ ಕಾನೂನನ್ನು ವಿಷಯವಾರು ವಿವರಿಸುವ ವಿಶ್ವಕೋಶ 'ಹಾಲ್ಸ್‌ಬರೀಸ್ ಲಾಸ್ ಆಫ್ ಇಂಗ್ಲೆಂಡ್' ನಾಲ್ಕನೇ ಆವೃತ್ತಿ ಇದೆ. ಮೊದಲೇ ಮಾಡಿಕೊಂಡ ಪ್ರಾಮಾಣಿಕ ಅಂದಾಜಾದರೆ ಪೂರ್ತಿ ಹಣ ಸಿಗುತ್ತದೆ, ಬೆದರಿಸಲು ಹಾಕಿದ ದಂಡವಾದರೆ ಇಲ್ಲ ಅಂತ ಅದರಲ್ಲಿದೆ. ಇದನ್ನೇ ಹಿಡಿದು ವಾದಿಸಲಾ?

ಕರಿಕೋಟು: ಬೇಡಿ! ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಂ ಆ ವ್ಯತ್ಯಾಸವನ್ನೇ ತೆಗೆದುಹಾಕಿದೆ. ದಂಡ ಅನ್ನಿ, ಅಂದಾಜು ಅನ್ನಿ, ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ. 1963ರ ಫತೇಚಂದ್ ತೀರ್ಪು ಓದಿ. ಆ ಸಂಪುಟ ಈಗ ಇಂಗ್ಲೆಂಡಿಗೂ ಹಳತು. ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲಿ ಮಕ್ದೆಸ್ಸಿ ಕೇಸಿನಲ್ಲಿ ಪರೀಕ್ಷೆಯನ್ನೇ ಬದಲಿಸಿತು. ಇಂಥವು ಕಪಾಟಿನ ಅಂದಕ್ಕೆ ಇರಲಿ. ತೀರ್ಪು ಹುಡುಕಲು ಮನುಪತ್ರ, ಎಸ್‌ಸಿಸಿ ಆನ್‌ಲೈನ್ ಜಾಲತಾಣಗಳು ಸಾಕು.

ತುಮಕೂರು ಸಿವಿಲ್: ಕೊನೆಯ ಮಾತು ಒಪ್ಪಲ್ಲ ಸರ್. ಏನು ಹುಡುಕಬೇಕು ಅಂತ ಗೊತ್ತಿದ್ದವರಿಗೆ ಸರ್ಚ್ ಚೆಂದ. ಟಾರ್ಟ್‌ಗೆ (ಕರಾರಿಲ್ಲದೆಯೂ ಪರಿಹಾರ ಕೇಳಬಹುದಾದ ಸಿವಿಲ್ ತಪ್ಪುಗಳಿಗೆ) ನಮ್ಮಲ್ಲಿ ಸಂಹಿತೆಯೇ ಇಲ್ಲ. ಪಕ್ಕದ ಮಿಲ್ಲಿನ ಹೊಗೆ, ಸದ್ದಿನ ಕೇಸು ಬಂದರೆ ಜೂನಿಯರ್ ಎಲ್ಲಿಂದ ಶುರು ಮಾಡಬೇಕು? ಯಾರು ದಾವಾ ಹಾಕಬಹುದು, ಯಾವ ಪ್ರತಿವಾದ ನಡೆಯುತ್ತದೆ, ಎಲ್ಲ ಒಂದೇ ಕಡೆ ಹಾಲ್ಸ್‌ಬರಿಯಲ್ಲಿ ಸಿಗುತ್ತದೆ. ನಮ್ಮ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲೂ ಹಾಲ್ಸ್‌ಬರಿ, ಅಮೆರಿಕದ ಅಂಥದ್ದೇ ವಿಶ್ವಕೋಶ ಕಾರ್ಪಸ್ ಜ್ಯೂರಿಸ್ ಸೆಕಂಡಂ ಬರುತ್ತಲೇ ಇರುತ್ತವೆ.

ಕರಿಕೋಟು: ಬರುತ್ತವೆ, ಬೆಂಬಲಕ್ಕೆ. ಕಾಯ್ದೆ ಬಾಯಿ ಬಿಟ್ಟು ಹೇಳಿರುವ ಕಡೆ ಅವುಗಳಿಗೆ ಜಾಗ ಇಲ್ಲ. ಎದುರು ವಕೀಲರು 74 ಅಂದರೆ ಕಥೆ ಮುಗೀತು.

ಬೆಳಗಾವಿ ಲಾಯರಮ್ಮ: ಸುಮ್ನೆ ಇಂಗ್ಲೆಂಡನ್ನು ಯಾಕೆ ಬೈತೀರಿ? ಭಾರತದ್ದೇ ಹಾಲ್ಸ್‌ಬರಿ ಸಂಪುಟಗಳೂ ಹಳತಾಗುತ್ತವೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರೆ ಮಾತ್ರ ಮಗಳು ಸಹದಾಯಾದಿ (ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಪಾಲುಳ್ಳವಳು) ಅಂತ 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪು ಬಂತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಅಪೀಲು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಅದು ಬಿದ್ದುಹೋಯಿತು. ನಡುವೆ ಅಚ್ಚಾದ ಯಾವ ಪುಸ್ತಕ ತೆಗೆದರೂ ಹೆಣ್ಣುಮಕ್ಕಳ ಪಾಲು ತಪ್ಪಿಹೋಗುತ್ತದೆ. ಮೊದಲು ಯಾವ ತಾರೀಖಿನವರೆಗಿನ ಕಾನೂನು ಅಂತ ನೋಡಿ. ಪೂರಕ ಸಂಪುಟ ಇದ್ದರೆ ಅದನ್ನೂ ತೆಗೆಯಿರಿ. ಹೆಚ್ಚಿನ ಆಫೀಸುಗಳಲ್ಲಿ ಅದನ್ನು ತರಿಸುವುದೇ ನಿಲ್ಲಿಸಿರುತ್ತಾರೆ, ಅದೇ ತೊಂದರೆ.

ತುಮಕೂರು ಸಿವಿಲ್: ಇದು ಸರಿ. ಅಡಿಟಿಪ್ಪಣಿಯ ಕೇಸಿನ ಹೆಸರು ಹಿಡಿದು ಮೂಲ ತೀರ್ಪಿಗೆ ಹೋಗಬೇಕು, ಪ್ಯಾರಾವನ್ನೇ ಕಾಪಿ ಹೊಡೆಯಬಾರದು. ಸುಪ್ರೀಂ ಕೋರ್ಟಿನ ತೀರ್ಪುಗಳ ಜಾಲತಾಣ ಇ-ಎಸ್‌ಸಿಆರ್ 2023ರಿಂದ ಪುಕ್ಕಟೆ ಇದೆ, ದುಡ್ಡಿನ ನೆಪವೂ ಇಲ್ಲ.

ಹಾಸನದ ಜೂನಿಯರ್: ಸರಿ ಸರ್, 74ಕ್ಕೇ ಬರ್ತೀನಿ. ನಮಗೆ ಆದ ನಷ್ಟವನ್ನು ಸಾಬೀತು ಮಾಡಲೇಬೇಕಾ?

ಕರಿಕೋಟು: ಮಾಡಲು ಸಾಧ್ಯ ಇದ್ದರೆ ಮಾಡಲೇಬೇಕು. 2015ರ ಕೈಲಾಶ್ ನಾಥ್ ವಿರುದ್ಧ ಡಿಡಿಎ (ದೆಹಲಿ ಅಭಿವೃದ್ಧಿ ಪ್ರಾಧಿಕಾರ) ತೀರ್ಪು ನೋಡಿ. ಲೆಕ್ಕ ಹಾಕಲು ಕಷ್ಟ ಅಥವಾ ಅಸಾಧ್ಯವಾದ ನಷ್ಟಕ್ಕೆ ಮಾತ್ರ ವಿನಾಯಿತಿ. ಕರಾರು ಮುರಿದ ದಿನದ ಸೈಟಿನ ಮಾರುಕಟ್ಟೆ ಬೆಲೆಯ ದಾಖಲೆ ಇದೆಯಾ?