ಖಾತೆ ನಂಬರಿನ ಮೇಲೆ ನಾನೇ ಎಕ್ಸ್ ಹಾಕಿಬಿಡಲಾ?

ಪ್ರಶ್ನೆ: ಮೇಡಂ, ಅಮೆರಿಕದ ಒಬ್ಬ ಕೋರ್ಟ್ ರಿಪೋರ್ಟರ್ ಬಳಿ ಸ್ಕೋಪಿಸ್ಟ್ ಆಗಿ ಸೇರಿ ಮೂರು ತಿಂಗಳಾಯಿತು. ಸಾಕ್ಷಿ, ವಕೀಲರು ಆಡಿದ ಮಾತನ್ನು ಅವರು ಸ್ಟೆನೊ ಮಷಿನ್‌ನಲ್ಲಿ ಬರೆದದ್ದನ್ನು ಆಡಿಯೋ ಕೇಳುತ್ತ ತಿದ್ದಿಕೊಡುವ ಕೆಲಸ. ನಿನ್ನೆಯ ಡೆಪೊಸಿಷನ್‌ನಲ್ಲಿ (ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಪಡೆಯುವ ಹೇಳಿಕೆ) ಸಾಕ್ಷಿ ತನ್ನ ಬ್ಯಾಂಕ್ ಖಾತೆ ನಂಬರನ್ನು ಪೂರ್ತಿ ಹೇಳಿಬಿಟ್ಟಿದ್ದಾರೆ, ಎಂಟು ವರ್ಷದ ಮಗಳ ಹೆಸರೂ ಬಂದಿದೆ. ಪಾಪ ಅನ್ನಿಸಿತು. ನಂಬರ್ ಜಾಗದಲ್ಲಿ ಎಕ್ಸ್ ಹಾಕಿದರೆ ತಪ್ಪಾ? ಇನ್ನೊಂದು, ಬೇರೆ ಏಜೆನ್ಸಿಯವರು ಸ್ಯಾಂಪಲ್ ಕೇಳುತ್ತಿದ್ದಾರೆ. ಹೆಸರು ತೆಗೆದು ಇದರದ್ದೇ ನಾಲ್ಕು ಪುಟ ಕಳಿಸಬಹುದಾ?

ಉತ್ತರ: ಹಾಕಬೇಡಿ. ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಅಲ್ಲಿ ಕೈಯಾಡಿಸುವ ಹಕ್ಕು ನಮಗಿಲ್ಲ. ರಿಪೋರ್ಟರ್ ಕೊನೆಯಲ್ಲಿ ಸಹಿ ಹಾಕುವುದು ಯಾತಕ್ಕೆ? ಸಾಕ್ಷಿ ಪ್ರಮಾಣ ಮಾಡಿದ್ದಾರೆ, ಅವರು ಹೇಳಿದ್ದು ಹೇಳಿದ ಹಾಗೇ ಇಲ್ಲಿದೆ ಅಂತ. ನಿಮ್ಮ ಒಂದು ಎಕ್ಸ್‌ನಿಂದ ಆ ಸಹಿ ಸುಳ್ಳಾಗುತ್ತದೆ. ಕೇಸು ನಿಂತಿರುವುದೇ ಆ ಖಾತೆಯ ಮೇಲೆ ಅಂತಾದರೆ?

ಇಂಥ ವಿವರ ಮುಚ್ಚಿಸುವ ಜವಾಬ್ದಾರಿ ವಕೀಲರದು. ಫೆಡರಲ್ (ಕೇಂದ್ರದ) ಸಿವಿಲ್ ನಿಯಮ 5.2 ಪ್ರಕಾರ, ಆ ಪುಟಗಳನ್ನು ಕೋರ್ಟಿಗೆ ಸಲ್ಲಿಸುವಾಗ ಖಾತೆ ನಂಬರಿನ ಕೊನೆಯ 4 ಅಂಕಿ ಮಾತ್ರ ಕಾಣಬೇಕು. ಸೋಷಿಯಲ್ ಸೆಕ್ಯುರಿಟಿ ನಂಬರಿಗೂ ಅಷ್ಟೇ. ಹುಟ್ಟಿದ ದಿನವಾದರೆ ಬರೀ ವರ್ಷ, ಅಪ್ರಾಪ್ತ ಮಕ್ಕಳ ಹೆಸರಿಗೆ ಬರೀ ಇನಿಷಿಯಲ್. ಕೋರ್ಟಿನೊಳಗಿನ ವಿಚಾರಣೆಯ ಟ್ರಾನ್ಸ್‌ಕ್ರಿಪ್ಟ್ (ಆಡಿದ ಮಾತಿನ ಲಿಖಿತ ದಾಖಲೆ) ಕಥೆ ಬೇರೆ: ಫೆಡರಲ್ ಕೋರ್ಟುಗಳಲ್ಲಿ 90 ದಿನ ಅದು ಸಾರ್ವಜನಿಕರಿಗೆ ಆನ್‌ಲೈನ್‌ನಲ್ಲಿ ಸಿಗದು. ವಕೀಲರು 7 ದಿನದೊಳಗೆ ನೋಟಿಸ್ ಕೊಟ್ಟು, 21 ದಿನದೊಳಗೆ ಯಾವ ಪುಟ, ಯಾವ ಸಾಲು ಅಂತ ಪಟ್ಟಿ ಕೊಟ್ಟರೆ ಮುಚ್ಚಿದ ಇನ್ನೊಂದು ಪ್ರತಿ ತಯಾರಾಗುತ್ತದೆ. ಮೂಲ ಹಾಗೇ ಉಳಿಯುತ್ತದೆ. (ರಾಜ್ಯದ ಕೋರ್ಟುಗಳಲ್ಲಿ ಲೆಕ್ಕ ಬೇರೆ.) ನೀವು ಪುಟ, ಸಾಲು ಗುರುತು ಹಾಕಿ ರಿಪೋರ್ಟರ್ ಕಿವಿಗೆ ಹಾಕಿ, ಸಾಕು.

ಸ್ಯಾಂಪಲ್ ಬೇಡವೇ ಬೇಡ. ಕೇಸು ಗೊತ್ತಿದ್ದವರಿಗೆ ಹೆಸರಿಲ್ಲದ ಎರಡು ಸಾಲೂ ಸಾಕು, ಯಾರೆಂದು ಹೇಳಿಬಿಡುತ್ತಾರೆ. ನೀವೇ ಒಂದು ಪ್ರಶ್ನೋತ್ತರ ಹೊಸೆದು ಕಳಿಸಿ. ಅಸಲಿ ಪುಟವೇ ಬೇಕು ಅನ್ನುವ ಏಜೆನ್ಸಿ ಮೇಲೆ ನನಗಂತೂ ಅನುಮಾನ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ನಾನು ರಿಪೋರ್ಟರ್. ಸಾಕ್ಷಿಯೊಬ್ಬರು ನನಗೇ ಫೋನ್ ಮಾಡಿ, 'ನಾನು ಇಲ್ಲ ಅಂದಿದ್ದು, ನೀವು ಹೌದು ಅಂತ ಹಾಕಿದ್ದೀರಿ, ತಿದ್ದಿ' ಅಂತ ಗಲಾಟೆ ಮಾಡುತ್ತಿದ್ದಾರೆ.

ಉತ್ತರ: ಮೊದಲು ನಿಮ್ಮ ನೋಟ್ಸ್ ತೆಗೆಯಿರಿ. ನಮ್ಮ 'ಹೂಂ', 'ಊಹೂಂ' ಇದ್ದ ಹಾಗೆ ಇಂಗ್ಲಿಷಿನಲ್ಲೂ ಮೂಗಿನಲ್ಲೇ ಹೌದು-ಇಲ್ಲ ಹೇಳುವ ಎರಡು ದನಿಗಳಿವೆ, ಒಂದೇ ಉಸಿರಿನ ವ್ಯತ್ಯಾಸ. ನಾನೂ ಒಮ್ಮೆ ಎಡವಿದ್ದೇನೆ. ಅದಕ್ಕೇ ಈಗ ಯಾರಾದರೂ ಹೂಂಗುಟ್ಟಿದರೆ, ತಲೆಯಾಡಿಸಿದರೆ, 'ದಯವಿಟ್ಟು ಬಾಯಲ್ಲಿ ಹೇಳಿ' ಅಂತ ಅಲ್ಲೇ ತಡೆಯುತ್ತೇನೆ.

ತಪ್ಪು ನಿಮ್ಮದೇ ಆಗಿದ್ದರೆ ಎರಡೂ ಕಡೆಯ ವಕೀಲರಿಗೆ ಒಟ್ಟಿಗೆ ತಿಳಿಸಿ ಸರಿಪಡಿಸಿ, ಗುಟ್ಟಾಗಿ ಅಲ್ಲ. ಅಲ್ಲದಿದ್ದರೆ ಫೆಡರಲ್ ಸಿವಿಲ್ ನಿಯಮ 30(ಇ) ಇದೆ: ಡೆಪೊಸಿಷನ್ ಮುಗಿಯುವ ಮೊದಲೇ ಸಾಕ್ಷಿ ಅಥವಾ ಕಕ್ಷಿದಾರರು ಓದಿ ನೋಡುತ್ತೇವೆ ಅಂದಿದ್ದರೆ, ಟ್ರಾನ್ಸ್‌ಕ್ರಿಪ್ಟ್ ಸಿದ್ಧವಿದೆ ಅಂತ ತಿಳಿಸಿದ ಮೇಲೆ ಸಾಕ್ಷಿಗೆ 30 ದಿನ. ಬದಲಾವಣೆ, ಅದರ ಕಾರಣ ಬರೆದು ಸಹಿ ಹಾಕಬೇಕು. ಆ ಹಾಳೆ ಕೊನೆಗೆ ಸೇರುತ್ತದೆ, ಒಳಗಿನ 'ಹೌದು' ಅಳಿಯುವುದಿಲ್ಲ. ಫೋನಿನಲ್ಲಿ ವಾದಕ್ಕೆ ಇಳಿಯಬೇಡಿ. 'ನಿಮ್ಮ ವಕೀಲರ ಮೂಲಕ ಬನ್ನಿ' ಅನ್ನಿ, ಫೋನ್ ಇಡಿ.

ಮತ್ತೊಬ್ಬರು: ಸಾರಾಂಶಕ್ಕೆ ಟ್ರಾನ್ಸ್‌ಕ್ರಿಪ್ಟನ್ನು ಎಐ ಆ್ಯಪ್‌ಗೆ ಹಾಕಿದರೆ?

ಉತ್ತರ: ಮನೆಯಲ್ಲಿ ಗಂಡನಿಗೂ ಓದಿ ಹೇಳದ ಪುಟವನ್ನು ಗೊತ್ತಿಲ್ಲದ ಸರ್ವರ್‌ಗೆ ಕಳಿಸುತ್ತೀರಾ? ಕೋರ್ಟಿನ ಗೋಪ್ಯತೆಯ ಆದೇಶವಿದ್ದರಂತೂ ಕೆಲಸದ ಜತೆ ಹೆಸರೂ ಹೋಗುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ನಿಜ ಹೇಳಬೇಕೆಂದರೆ ಎಕ್ಸ್ ಆಗಲೇ ಹಾಕಿಬಿಟ್ಟಿದ್ದೆ. ಆಡಿಯೋ ಮತ್ತೆ ಕೇಳಿ ಅಂಕಿಗಳನ್ನು ಒಂದೊಂದಾಗಿ ವಾಪಸ್ ಕೂರಿಸಿದೆ, ರಿಪೋರ್ಟರ್‌ಗೂ ಹೇಳಿದೆ. ಬೈಯಲಿಲ್ಲ.