ಸಹಾಯ ಬೇಕು: ಪೈಥಾನ್ ಕ್ಲಾಸಿನಲ್ಲಿ ಲಿಸ್ಟ್ ಹಂಚಿಹೋಗುತ್ತದೆ, ಸಂಖ್ಯೆ ಹಂಚಿಹೋಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಇಳಕಲ್ಲಿನ ನಮ್ಮ ಮನೆಯ ಮಗ್ಗಗಳ ಲೆಕ್ಕ ಇಡಲು ಪೈಥಾನ್‌ನಲ್ಲಿ ‘ಮಗ್ಗ’ ಎಂಬ ಕ್ಲಾಸ್ (ಆಬ್ಜೆಕ್ಟುಗಳನ್ನು ಮಾಡುವ ಅಚ್ಚು) ಬರೆದು, ಅದರಲ್ಲಿ ಯಾವ ಫಂಕ್ಷನ್ನಿಗೂ ಸೇರದಂತೆ ‘ಸೀರೆಗಳು’ ಎಂಬ ಖಾಲಿ ಲಿಸ್ಟನ್ನೂ ಸೊನ್ನೆ ಬೆಲೆಯ ‘ಕೂಲಿ’ಯನ್ನೂ ಇಟ್ಟಿದ್ದೇನೆ. ಮೊದಲ ಮಗ್ಗದ ಆಬ್ಜೆಕ್ಟಿಗೆ ಗೋಮಿ ದಡಿಯ ಸೀರೆಯೊಂದನ್ನು ಅಪೆಂಡ್ ಮಾಡಿದರೆ (ಲಿಸ್ಟಿನ ಕೊನೆಗೆ ಸೇರಿಸಿದರೆ) ಅದು ಎರಡನೆಯ ಮಗ್ಗದ ಲಿಸ್ಟಿನಲ್ಲಿಯೂ ಕಾಣಿಸುತ್ತದೆ. ವಸ್ತುವಿನ ಗುರುತಿನ ಸಂಖ್ಯೆ ಹೇಳುವ ಐಡಿ ಫಂಕ್ಷನ್ ಕೂಡ ಎರಡಕ್ಕೂ ಒಂದೇ ಸಂಖ್ಯೆ ಕೊಡುತ್ತದೆ. ಲಿಸ್ಟನ್ನು ಇನಿಟ್ (ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ನಡೆಯುವ ಫಂಕ್ಷನ್) ಒಳಗೆ, ಆಯಾ ಆಬ್ಜೆಕ್ಟನ್ನು ಸೂಚಿಸುವ ಸೆಲ್ಫ್‌ಗೆ ಸೇರಿಸಿ ಬರೆದಾಗ ಕೆಲಸವೇನೋ ಸರಿಹೋಯಿತು, ಆದರೆ ಕಾರಣ ತಿಳಿಯದೆ ಮುಂದೆ ಹೋಗಲು ಮನಸ್ಸಿಲ್ಲ. ಏಕೆಂದರೆ ಕ್ಲಾಸಿನ ಮಟ್ಟದಲ್ಲಿಯೇ ಉಳಿದಿರುವ ‘ಕೂಲಿ’ಗೆ ಸೆಲ್ಫ್ ಮೂಲಕ 500 ಕೂಡಿಸಿದರೆ ಆ ಮಗ್ಗದ ಕೂಲಿ ಮಾತ್ರ ಏರುತ್ತದೆ, ಇನ್ನೊಂದರದು ಸೊನ್ನೆಯಾಗಿಯೇ ಇರುತ್ತದೆ. ಎರಡೂ ಕ್ಲಾಸಿಗೇ ಸೇರಿರುವಾಗ ಅಪೆಂಡ್ ಮಾಡುವುದಕ್ಕೂ ಕೂಡಿಸಿ ಇಡುವುದಕ್ಕೂ ಈ ವ್ಯತ್ಯಾಸ ಏಕೆ, ಕೂಡಿಸಿದ ಮೇಲೆ ಆ ಹೊಸ ‘ಕೂಲಿ’ ಎಲ್ಲಿ ಉಳಿಯುತ್ತದೆ ಎಂಬುದನ್ನು ತಿಳಿದವರು ವಿವರಿಸುವಿರಾ?